ಇಲಿಯ ಋಣ

ಇಲಿಬೋನು ಇಲ್ಲದ ಮನೆ ನಮ್ಮ ಕಡೆ ಅಪರೂಪ. ಅದನ್ನು ಒಡ್ಡುವ ವಿದ್ಯೆಯನ್ನು ಮಗ ತಂದೆಯಿಂದ ಕಲಿಯುತ್ತಾನೆ. ಬೆಳಗ್ಗೆ ಎದ್ದು ಬೋನಿಗೆ ಏನು ಬಿದ್ದಿದೆಯೆಂದು ನೋಡುವಾಗ ನಮ್ಮಂಥ ಸಾಧು ಗೃಹಸ್ಥರಿಗೂ ಬೇಟೆಗಾರನ ಹೆಮ್ಮೆ ಒಂದಿಷ್ಟು ಬರುವುದುಂಟು. ನನಗೂ ಆ ಹೆಮ್ಮೆ ಇದ್ದಿತು. ಅದು ಹೇಗೆ ಇಳಿಯಿತೆಂಬುದನ್ನು ಈ ವಾರ ವಾಚಕರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನಾವಿರುವುದು ಹುಣಸೂರಿನ ಹಳೆಯ ಹೆಂಚಿನ ಮನೆಯೊಂದರಲ್ಲಿ. ಲಕ್ಷ್ಮಣತೀರ್ಥ ಹೊಳೆ ಅಲ್ಲಿಗೆ ದೂರವಿಲ್ಲ. ಮಳೆಗಾಲ ಹಿಡಿಯಿತೆಂದರೆ ಹಿತ್ತಿಲು ಚರಂಡಿಗಳಲ್ಲಿದ್ದ ಇಲಿಗಳೆಲ್ಲ ಬೆಚ್ಚಗಿನ ಜಾಗ ಹುಡುಕಿಕೊಂಡು ನಮ್ಮ ಅಟ್ಟವನ್ನು ಸೇರುತ್ತವೆ. ಕಳೆದ ಶ್ರಾವಣದ ಮೊದಲ ವಾರ ಅವುಗಳ ಹಾವಳಿ ಮಿತಿಮೀರಿತು. ರಾಗಿಯ ಚೀಲಕ್ಕೆ ತೂತು ಬಿದ್ದಿತು. ಮನೆಯಾಕೆಯ ರೇಷ್ಮೆ ಸೀರೆಯ ಸೆರಗು ಹೋಯಿತು. ನಾನು ಹಲಗೆಯ ಬೋನಿಗೆ ಸುಟ್ಟ ಕೊಬ್ಬರಿಯ ಚೂರು ಸಿಕ್ಕಿಸಿ ಅಟ್ಟದ ಮೇಲಿಟ್ಟೆ. ನಡುರಾತ್ರಿಯಲ್ಲಿ ತಂತಿ ಬಡಿದ ಸದ್ದು ಕೇಳಿ, ಕೆಲಸವಾಯಿತೆಂದು ಸಮಾಧಾನದಿಂದ ಮಗ್ಗುಲು ಬದಲಾಯಿಸಿದೆ.

ಬೆಳಗ್ಗೆ ಬೋನನ್ನು ಕೆಳಗಿಳಿಸಿದಾಗ ಮನೆಯಾಕೆ ಅದನ್ನು ಒಂದು ಗಳಿಗೆ ನೋಡಿ, "ಇದು ಮರಿ ಹಾಕಿರೋ ಇಲಿ ಕಣ್ರಿ. ಹೊಟ್ಟೆ ನೋಡಿ, ಹಾಲು ಕುಡಿಸ್ತಾ ಇತ್ತು" ಎಂದಳು. ನಾನು ನೋಡಿದೆ. ಮಾತು ನಿಜವಾಗಿದ್ದಿತು. ಮೊಲೆತೊಟ್ಟುಗಳು ಉಬ್ಬಿದ್ದುವು, ಅವುಗಳ ಸುತ್ತಲಿನ ರೋಮ ಸವೆದಿದ್ದಿತು.

ಏಣಿ ಹಾಕಿ ಹುಡುಕಿದೆವು. ಅಟ್ಟದ ಮೂಲೆಯ ರಟ್ಟಿನ ಪೆಟ್ಟಿಗೆಯಲ್ಲಿ ನಾನು ಎಂ.ಎ. ತರಗತಿಯಲ್ಲಿ ಬರೆದುಕೊಂಡಿದ್ದ ಛಂದಸ್ಸಿನ ಟಿಪ್ಪಣಿಗಳಿದ್ದುವು. ತಾಯಿಲಿ ಅವನ್ನು ನೂಲಿನಂತೆ ಸೀಳಿ, ಅದರೊಡನೆ ಸೀರೆಯ ಎಳೆಗಳನ್ನು ಸೇರಿಸಿ, ಬಟ್ಟಲಿನಂಥ ಗೂಡು ಮಾಡಿದ್ದಿತು. ಅದರೊಳಗೆ ಆರು ಮರಿಗಳಿದ್ದುವು: ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ಕೂದಲಿಲ್ಲದ ಕೆಂಪು ಮೈ, ಮುಚ್ಚಿದ ಕಣ್ಣು. ಮುಟ್ಟಿದರೆ ತಣ್ಣಗಿದ್ದುವು. ಅವುಗಳಲ್ಲಿ ಎರಡು ಅಲುಗುತ್ತಲೂ ಇರಲಿಲ್ಲ.

ನಮ್ಮ ತಾಯಿಯವರು ಕೆಳಗಿನಿಂದಲೇ, "ಹಾಗೇ ಹೊರಗೆ ಹಾಕೋ, ಕಾಗೆ ತಿನ್ಲಿ" ಎಂದರು. ಅದರಲ್ಲಿ ಕ್ರೌರ್ಯವೇನೂ ಇರಲಿಲ್ಲ. ಅವರು ತಮ್ಮ ಅಜ್ಜಿಯ ಬಾಯಿಂದ ಪ್ಲೇಗಿನ ಕಥೆಗಳನ್ನು ಕೇಳಿ ಬೆಳೆದವರು. ೧೮೯೬ರಲ್ಲಿ ಮುಂಬಯಿಗೆ ಬಂದ ಆ ಮಾರಿ ೧೮೯೮ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕಿತು. ಆಮೇಲೆ ಎಷ್ಟೋ ವರ್ಷಗಳ ಕಾಲ, ಮನೆಯಲ್ಲಿ ಇಲಿ ಸತ್ತುಬಿದ್ದಿತೆಂದರೆ ಜನ ಪಾತ್ರೆಪಡಗ ಕಟ್ಟಿಕೊಂಡು ಊರ ಹೊರಗಿನ ಗುಡಿಸಲು ಸೇರುತ್ತಿದ್ದರು. ಇಲಿ ಎಂದರೆ ಆ ತಲೆಮಾರಿಗೆ ಯಮನ ದೂತ. ಅದೇ ೧೮೯೮ರಲ್ಲಿ, ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ, ರೋಗವನ್ನು ದಾಟಿಸುವುದು ಇಲಿಯ ಮೈಮೇಲಿನ ಚಿಗಟವೆಂದು ತೋರಿಸಿದನು. ಇಲಿಯೂ ನಮ್ಮಂತೆಯೇ ಆ ರೋಗಕ್ಕೆ ತುತ್ತಾಗುವ ಪ್ರಾಣಿ. ನಮಗಿಂತ ಮೊದಲು ಸಾಯುತ್ತಿದ್ದಿತು, ಅಷ್ಟೆ. ಆದರೆ ಈ ವಿಚಾರವನ್ನು ಏಣಿಯ ಮೇಲೆ ನಿಂತು ತಾಯಿಗೆ ವಿವರಿಸುವ ಹೊತ್ತು ಅದಾಗಿರಲಿಲ್ಲ.

ತೀರ್ಪು ಕೊಟ್ಟವಳು ಮನೆಯಾಕೆ. "ಕೊಂದೋರು ನೀವು. ಇನ್ನು ಸಾಕೋರೂ ನೀವೇ ತಾನೆ?" ಎಂದಳು. ಎಂಟು ವರ್ಷದ ಮಗಳು ಆಗಲೇ ನನ್ನ ಹಳೆಯ ಹಾಜರಿ ಪುಸ್ತಕದಲ್ಲಿ ಒಂದರಿಂದ ಆರರವರೆಗೆ ಅಂಕಿಗಳನ್ನು ಬರೆದುಕೊಂಡು ಸಿದ್ಧಳಾಗಿದ್ದಳು. ತಾಯಿಯವರು, "ಗಣಪತಿಗೆ ವಾಹನ ಕಮ್ಮಿಯಾಗಿದೆಯೇನೋ?" ಎಂದು ಹೇಳಿ ದೇವರ ಮನೆಗೆ ಹೋದರು.

ನನಗೆ ತಿಳಿದಿದ್ದ ಒಂದೇ ಉಪಾಯವೆಂದರೆ ಹಸುವಿನ ಹಾಲು. ಪುಣ್ಯಕ್ಕೆ, ಪರಿಚಯದ ಪಶುವೈದ್ಯರೊಬ್ಬರಿಗೆ ಮೊದಲು ಫೋನು ಮಾಡಿದೆ. ಅವರು ನಗಲಿಲ್ಲ. "ಹಾಲಿನ ಮಾತು ಆಮೇಲೆ. ಮರಿಗಳು ತಣ್ಣಗಿವೆಯೆ, ಬೆಚ್ಚಗಿವೆಯೆ?" ಎಂದು ಕೇಳಿದರು. ತಣ್ಣಗಿವೆಯೆಂದೆ. "ಹಾಗಾದರೆ ಬಾಯಿಗೆ ಏನೂ ಹಾಕಬೇಡಿ. ತಣ್ಣಗಿರುವ ಮರಿಗೆ ಕುಡಿದದ್ದು ಜೀರ್ಣವಾಗುವುದಿಲ್ಲ. ಹೊಟ್ಟೆಯಲ್ಲಿ ಕೆಟ್ಟು ಪ್ರಾಣ ತೆಗೆಯುತ್ತದೆ. ಮೊದಲು ಶಾಖ" ಎಂದರು. ಸೀಸೆಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಪೆಟ್ಟಿಗೆಯ ಅರ್ಧ ಭಾಗಕ್ಕೆ ಮಾತ್ರ ಇಡಬೇಕು. ಶಾಖ ಹೆಚ್ಚಾದರೆ ಮರಿ ತೆವಳಿಕೊಂಡು ಇನ್ನೊಂದು ಅರ್ಧಕ್ಕೆ ಹೋಗಲು ಜಾಗವಿರಬೇಕು.

ಇದರ ಕಾರಣವನ್ನು ಆಮೇಲೆ ಓದಿ ತಿಳಿದುಕೊಂಡೆ. ಹೊಸದಾಗಿ ಹುಟ್ಟಿದ ಇಲಿಮರಿಗೆ ತನ್ನ ಮೈಯ ಶಾಖವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿಯಿಲ್ಲ. ಆ ಶಾಖ ತಾಯಿಯದು, ಗೂಡಿನದು, ಒಡಹುಟ್ಟಿದವುಗಳದು. ಚಳಿಯಾದರೆ ಮರಿ ಕೂಗುತ್ತದೆ. ಆದರೆ ಆ ಕೂಗಿನ ಸ್ವರ ನಮ್ಮ ಕಿವಿಗೆ ಎಟುಕದಷ್ಟು ತಾರವಾದುದು. ತಾಯಿಲಿಗೆ ಅದು ಕೇಳುತ್ತದೆ. ಓಡಿಬಂದು ಬಾಯಲ್ಲಿ ಕಚ್ಚಿ ಗೂಡಿಗೆ ಒಯ್ಯುತ್ತದೆ. ಆ ರಾತ್ರಿ ಬೋನಿನ ಸದ್ದು ಕೇಳಿ ನಾನು ನಿದ್ದೆಹೋದೆನಲ್ಲ, ಆಮೇಲೆ ಬೆಳಗಿನವರೆಗೆ ನನ್ನ ತಲೆಯ ಮೇಲೆಯೇ ಆರು ಮರಿಗಳು ಕೂಗುತ್ತಿದ್ದುವೆಂದಾಯಿತು. ನನಗೆ ಕೇಳಿಸಲಿಲ್ಲ. ಕೇಳಿಸುವಂತೆಯೂ ಇರಲಿಲ್ಲ.

ಹಸುವಿನ ಹಾಲು ಮರಿಗಳಿಗೆ ಭೇದಿ ಹಿಡಿಸುತ್ತದೆಂದು ವೈದ್ಯರು ಎಚ್ಚರಿಸಿದ್ದರು. ಇಲಿಯ ಹಾಲು ಅದಕ್ಕಿಂತ ಬಹಳ ಗಟ್ಟಿ. ಅದಕ್ಕೆ ಹತ್ತಿರವಾದುದೆಂದರೆ ಬೆಕ್ಕಿನ ಮರಿಗಳಿಗಾಗಿ ಮಾಡಿದ ಹಾಲಿನ ಪುಡಿಯಂತೆ! ಬೆಕ್ಕಿನ ಆಹಾರದಿಂದ ಇಲಿ ಬದುಕಬೇಕಾದ ಪ್ರಸಂಗ ಬಂದಿತು. ಆ ಪುಡಿ ಮೈಸೂರಿನಿಂದ ಬರುವವರೆಗೆ, ಮೊದಲು ಉಪ್ಪು ಸಕ್ಕರೆ ಬೆರೆಸಿದ ಬೆಚ್ಚನೆಯ ನೀರು, ಆಮೇಲೆ ಕೂಸುಗಳಿಗೆ ಕೊಡುವ ಹಾಲಿನ ಪುಡಿಯನ್ನು ತೆಳ್ಳಗೆ ಕಲಸಿದ್ದು ಕೊಡಬೇಕೆಂದಾಯಿತು.

ಕೂಸಿನ ಹಾಲಿನ ಪುಡಿಯ ಡಬ್ಬಿಯನ್ನು ತೆರೆಯುವಾಗ ನನಗೊಂದು ವಿಷಯ ನೆನಪಾಯಿತು. ಎಮ್ಮೆಯ ಹಾಲಿನಿಂದ ಎಳೆಗೂಸುಗಳಿಗೆ ಒಗ್ಗುವ ಪುಡಿಯನ್ನು ತಯಾರಿಸುವ ವಿಧಾನವನ್ನು ರೂಪಿಸಿದ್ದು ನಮ್ಮ ಮೈಸೂರಿನಲ್ಲಿಯೇ: ೧೯೫೦ರಲ್ಲಿ ಚೆಲುವಾಂಬಾ ವಿಲಾಸ ಅರಮನೆಯಲ್ಲಿ ಆರಂಭವಾದ ಸಿ.ಎಫ್.ಟಿ.ಆರ್.ಐ. ಎಂಬ ಆಹಾರ ಸಂಶೋಧನಾಲಯದಲ್ಲಿ. ಹೊಸ ಆಹಾರವೊಂದು ಮೈಗೆ ಹಿಡಿಯುವುದೋ ಇಲ್ಲವೋ ಎಂಬುದನ್ನು ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಮೊದಲು ನೋಡುವುದು ಬಿಳಿಯ ಇಲಿಗಳಿಗೆ ತಿನ್ನಿಸಿ. ನಮ್ಮ ಮಕ್ಕಳು ನಿಶ್ಚಿಂತೆಯಿಂದ ಉಣ್ಣುವ ಎಷ್ಟೋ ತುತ್ತುಗಳನ್ನು ಇಲಿಯ ಮಕ್ಕಳು ಮೊದಲು ಉಂಡಿವೆ. ಋಣದ ಲೆಕ್ಕ ನಾನೆಣಿಸಿದ್ದಕ್ಕಿಂತ ಹಳೆಯದೆಂದು ತೋರಿತು.

ಹಾಲೂಡಿಸುವ ಕ್ರಮವನ್ನು ವಿವರವಾಗಿ ಹೇಳುತ್ತೇನೆ. ಕೇಳಿದರೆ ಸುಲಭ, ಮಾಡಿದರೆ ತಪಸ್ಸು. ಮಗಳ ಬಣ್ಣದ ಪೆಟ್ಟಿಗೆಯಿಂದ ಅತಿ ಸಣ್ಣ ಕುಂಚವೊಂದನ್ನು ತೆಗೆದು, ಬಿಸಿನೀರಿನಲ್ಲಿ ಕುದಿಸಿ, ಅದರ ತುದಿಯನ್ನು ಉಗುರು ಬೆಚ್ಚಗಿನ ಹಾಲಿನಲ್ಲಿ ಅದ್ದಿ, ಮರಿಯ ತುಟಿಗೆ ತಾಗಿಸಬೇಕು. ಮರಿಯನ್ನು ಅಂಗಾತ ಮಲಗಿಸಕೂಡದು. ತಾಯಿಯ ಬಳಿ ಇರುವಂತೆ ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲಾಗಿ ಹಿಡಿಯಬೇಕು. ಅದು ತಾನಾಗಿ ಚೀಪಬೇಕು, ನಾವು ಸುರಿಯಬಾರದು. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ತಪ್ಪದಂತೆ. ಮರಿಯ ಚರ್ಮ ಗಾಜಿನ ಕಾಗದದಷ್ಟು ತೆಳುವಾದುದರಿಂದ ಕುಡಿದ ಹಾಲು ಹೊಟ್ಟೆಯಲ್ಲಿ ಬಿಳಿಯ ಪಟ್ಟಿಯಾಗಿ ಹೊರಗಿನಿಂದಲೇ ಕಾಣುತ್ತದೆ. ಆ ಬಿಳಿಯ ಪಟ್ಟಿಯನ್ನು ಮೊದಲ ಸಲ ಕಂಡಾಗ ಮಗಳು ಚಪ್ಪಾಳೆ ತಟ್ಟಿದಳು. ಪ್ರತಿ ಸಲವೂ ಹಾಲಾದ ಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಭಾಗವನ್ನು ಮೆಲ್ಲಗೆ ಸವರಬೇಕು. ಹಾಗೆ ಮಾಡದಿದ್ದರೆ ಅವುಗಳಿಗೆ ಮಲಮೂತ್ರ ವಿಸರ್ಜನೆಯೂ ಆಗುವುದಿಲ್ಲ. ತಾಯಿಲಿ ಈ ಕೆಲಸವನ್ನು ನಾಲಗೆಯಿಂದ ಮಾಡುತ್ತದೆ.

ಆ ನಾಲಗೆಯ ಮಹಿಮೆ ಅಷ್ಟಕ್ಕೇ ಮುಗಿಯುವುದಿಲ್ಲ. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ಮತ್ತು ಅವರ ಸಂಗಡಿಗರು ೧೯೯೦ರ ದಶಕದಲ್ಲಿ ಕಂಡುಕೊಂಡಂತೆ, ಎಳೆತನದಲ್ಲಿ ತಾಯಿಯಿಂದ ಹೆಚ್ಚಾಗಿ ನೆಕ್ಕಿಸಿಕೊಂಡ ಇಲಿಮರಿಗಳು ದೊಡ್ಡವಾದ ಮೇಲೆ ಕಷ್ಟಕ್ಕೆ ಅಷ್ಟಾಗಿ ಬೆದರುವುದಿಲ್ಲ. ಹೆತ್ತ ತಾಯಿ ಉದಾಸೀನಳಾದರೂ, ಅಕ್ಕರೆಯ ಸಾಕುತಾಯಿಯ ಮಡಿಲಿಗೆ ಹಾಕಿದರೆ ಆ ಮರಿಯೂ ಹಾಗೆಯೇ ಧೈರ್ಯವಂತವಾಗುತ್ತದೆ. ಇದನ್ನು ಓದಿದ ಮೇಲೆ ಹತ್ತಿಯ ಉಂಡೆಯನ್ನು ಹಿಡಿದ ನನ್ನ ಕೈ ಇನ್ನಷ್ಟು ಮೃದುವಾಯಿತೆಂದು ಹೇಳಿದರೆ ವಾಚಕರು ನಗಬಾರದು.

ಮನೆಯಾಕೆ ಹಾಕಿದ ಕಟ್ಟಳೆಗಳೂ ಇದ್ದುವು. ಮರಿಗಳಿಗೆ ಹಿತ್ತಿಲ ಕೋಣೆಯೇ ಹೊರತು ಅಡಿಗೆಮನೆಯ ಕಡೆ ಪ್ರವೇಶವಿಲ್ಲ. ಕೈಗವಸಿಲ್ಲದೆ ಮುಟ್ಟಕೂಡದು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಮಗಳು ಹಾಜರಿ ಬರೆಯಬಹುದು, ಮರಿಯನ್ನು ಎತ್ತಿಕೊಳ್ಳುವಂತಿಲ್ಲ. ಇವು ವೃಥಾ ಮಡಿಯಲ್ಲ. ನಮ್ಮ ಕಡೆ ಇಲಿಜ್ವರವೆಂದು ಕರೆಯುವ ಲೆಪ್ಟೊಸ್ಪೈರೋಸಿಸ್ ರೋಗ ಇಲಿಯ ಮೂತ್ರದಿಂದ ಹರಡುವಂಥದು. ಗಾಯವಿರುವ ಕೈಕಾಲುಗಳ ಮೂಲಕ, ಕಣ್ಣು ಬಾಯಿಗಳ ಮೂಲಕ ಮೈಯನ್ನು ಸೇರುತ್ತದೆ. ಕರುಣೆಯಿದ್ದ ಮಾತ್ರಕ್ಕೆ ರೋಗ ದೂರ ನಿಲ್ಲುವುದಿಲ್ಲ.

ಮೊದಲ ರಾತ್ರಿ, ಅಲುಗದೆ ಇದ್ದ ಎರಡರಲ್ಲಿ ಒಂದು ಹೋಯಿತು. ಮೂರನೆಯ ದಿನ ಇನ್ನೆರಡಕ್ಕೆ ಹೊಟ್ಟೆಯುಬ್ಬರವಾಗಿ, ಬೆಳಗಾಗುವಷ್ಟರಲ್ಲಿ ಅವೂ ಹೋದುವು. ಮಗಳು ಆ ಅಂಕಿಗಳ ಮುಂದೆ 'ಗೈರುಹಾಜರಿ' ಎಂದು ಬರೆದಳು, ನಾನು ತಿದ್ದಲಿಲ್ಲ. ನಾಲ್ಕನೆಯದರ ಸಾವು ಮಾತ್ರ ನೇರವಾಗಿ ನನ್ನ ಕೈಯಿಂದಲೇ ಆಯಿತು. ಅಂದು ಒಂಬತ್ತೂವರೆಗೆ ಕಾಲೇಜಿನಲ್ಲಿ ಪಾಠವಿದ್ದಿತು. ಅವಸರದಲ್ಲಿ ಕುಂಚಕ್ಕೆ ಬದಲಾಗಿ ಮದ್ದಿನ ಪಿಳ್ಳೆಯಿಂದ ಹಾಲು ಬಿಟ್ಟೆ. ಒಂದೇ ಒಂದು ಹನಿ ಹೆಚ್ಚಾಯಿತು. ಮರಿಯ ಮೂಗಿನಿಂದ ಹಾಲಿನ ಗುಳ್ಳೆ ಬಂದಿತು; ಬಾಯಿ ತೆರೆದು ತೆರೆದು ಉಸಿರೆಳೆಯಿತು. ಸಂಜೆಯವರೆಗೆ ಅದು ಬದುಕಿದ್ದಿತಂತೆ. ನಾನು ಮನೆಗೆ ಬರುವಷ್ಟರಲ್ಲಿ ಮನೆಯಾಕೆ ಅದನ್ನು ದಾಸವಾಳದ ಗಿಡದ ಬುಡದಲ್ಲಿ ಹೂಳಿದ್ದಳು. ತಾಯಿಲಿಯನ್ನು ಕೊಂದ ದಿನ ನನಗೆ ಅನಿಸದಿದ್ದ ವ್ಯಥೆ ಆ ದಿನ ಅನಿಸಿತು. ಬೋನು ಕೊಂದರೆ ಬೋನಿನ ಮೇಲೆ ಭಾರ ಹಾಕಬಹುದು. ಅವಸರಕ್ಕೆ ಆ ಸೌಕರ್ಯವಿಲ್ಲ.

ಉಳಿದ ಎರಡು ಬದುಕಿದುವು. ವಾರ ಕಳೆಯುವಷ್ಟರಲ್ಲಿ ಮೈಮೇಲೆ ವೆಲ್ವೆಟ್ಟಿನಂಥ ಬೂದುಬಣ್ಣದ ರೋಮ ಬಂದಿತು. ಎರಡು ವಾರಕ್ಕೆ ಕಣ್ಣು ಬಿಟ್ಟುವು. ಅವು ಜಗತ್ತಿನಲ್ಲಿ ಮೊದಲು ಕಂಡದ್ದು ಕನ್ನಡಕ ಹಾಕಿಕೊಂಡ ಅಧ್ಯಾಪಕನೊಬ್ಬನ ಮುಖವನ್ನು. ಅದಕ್ಕೆ ನಾನು ಕ್ಷಮೆ ಕೇಳಬೇಕು. ಮೂರನೆಯ ವಾರದಲ್ಲಿ ಹಾಲಿನಲ್ಲಿ ನೆನೆಸಿದ ರಾಗಿಮುದ್ದೆಯ ತುಣುಕನ್ನು ಮುಂಗಾಲುಗಳಲ್ಲಿ ಹಿಡಿದು ತಿನ್ನತೊಡಗಿದುವು. ಗಣೇಶನ ಹಬ್ಬದ ದಿನ ಅವುಗಳಿಗೆ ತಿಂಗಳು ತುಂಬಿ ಮೇಲೆ ಕೆಲವು ದಿನಗಳಾಗಿದ್ದುವು. ಪೂಜೆ ಮುಗಿದ ಮೇಲೆ ನಮ್ಮ ತಾಯಿಯವರು ಎಲೆಯ ಮೇಲೆ ಕಡುಬಿನ ಎರಡು ಚೂರುಗಳನ್ನಿಟ್ಟು, "ಮೊದಲು ಅವಕ್ಕೆ ಕೊಟ್ಟು ಬಾ" ಎಂದರು. ಬೇರೇನೂ ಹೇಳಲಿಲ್ಲ.

ಇನ್ನು ಅವುಗಳನ್ನು ಏನು ಮಾಡುವುದೆಂಬ ಪ್ರಶ್ನೆ ಹುಟ್ಟಿತು. ಬದುಕಿಸಿದ ಮೇಲೆ ಬಿಡಲೇಬೇಕಲ್ಲವೆ?

ಪಂಚತಂತ್ರದ ಇಲಿಕನ್ಯೆಯ ಕಥೆ ವಾಚಕರಿಗೆ ತಿಳಿದಿದ್ದೀತು. ಋಷಿಯೊಬ್ಬನು ಅನಾಥ ಹೆಣ್ಣಿಲಿಯನ್ನು ಹುಡುಗಿಯನ್ನಾಗಿ ಮಾಡಿ ಸಾಕಿ, ವರನನ್ನು ಹುಡುಕಿಕೊಂಡು ಸೂರ್ಯ, ಮೋಡ, ಗಾಳಿ, ಬೆಟ್ಟಗಳ ಬಳಿಗೆಲ್ಲ ಹೋಗಿ, ಕೊನೆಗೆ ಇಲಿಗೇ ಕೊಟ್ಟು ಮದುವೆ ಮಾಡಿದನು. ನನ್ನ ಅಲೆದಾಟವೂ ಹಾಗೆಯೇ ಆಯಿತು. ಮೊದಲು ಕೃಷ್ಣರಾಜನಗರ ತಾಲ್ಲೂಕಿನಲ್ಲಿರುವ ಮಾವನವರನ್ನು ಕೇಳಿದೆ. ಚುಂಚನಕಟ್ಟೆಯ ಕಡೆ ಅವರಿಗೆ ಕಾವೇರಿಯ ನೀರುಣ್ಣುವ ಗದ್ದೆಯಿದೆ. "ಅಳಿಯಂದಿರೆ, ಇಲಿ ಒಂದು ತೆನೆ ತಿಂದರೆ ನಾಲ್ಕು ತೆನೆ ಕತ್ತರಿಸಿ ಹಾಳುಮಾಡುತ್ತೆ. ಬಿಲ ಅಗೆದರೆ ಒಳಗೆ ಅದರದೇ ಒಂದು ಕಣಜ ಇರುತ್ತೆ. ನೀವು ಬಂದು ಊಟ ಮಾಡ್ಕೊಂಡು ಹೋಗಿ, ಇಲಿ ಮಾತ್ರ ತರಬೇಡಿ" ಎಂದರು. ಪಿರಿಯಾಪಟ್ಟಣದ ಕಡೆಯ ಶಿಷ್ಯನೊಬ್ಬನ ಮನೆಯಲ್ಲಿ ಹೊಗೆಸೊಪ್ಪಿನ ಬೆಳೆ. ಬೇಯಿಸಿದ ಸೊಪ್ಪನ್ನು ಹರಾಜಿಗೆ ಒಯ್ಯುವವರೆಗೆ ಮನೆಯಲ್ಲೇ ಕಾಯಬೇಕಂತೆ. "ಸಾರ್, ಇರೋ ಇಲಿಗಳೇ ಸಾಕಾಗಿದೆ" ಎಂದು ಕೈಮುಗಿದ. ಕೊನೆಗೆ ಹೆಗ್ಗಡದೇವನಕೋಟೆಯಲ್ಲಿರುವ ಸ್ನೇಹಿತರನ್ನು ಕೇಳಿದೆ. ಅವರ ಊರಿಗೆ ನಾಗರಹೊಳೆಯ ಕಾಡು ಹತ್ತಿರ. ಅವರೆಂದರು: "ಕಾಡಿಗೆ ಬಿಡೋದು ಅಂದರೆ ಗೂಬೆಗೆ ಬಡಿಸೋದು. ಅದೂ ಅಲ್ಲದೆ ರಕ್ಷಿತಾರಣ್ಯಕ್ಕೆ ಮನೆಯ ಪ್ರಾಣಿ ತಂದುಬಿಡೋ ಹಾಗಿಲ್ಲ."

ಅವರ ಮಾತಿನಲ್ಲಿ ಒಂದು ಸತ್ಯವಿದ್ದಿತು. ನಮ್ಮ ಅಟ್ಟದ ಇಲಿ ಕಾಡಿನದಲ್ಲ, ಮನೆಯದು. ಪ್ರಾಣಿಶಾಸ್ತ್ರಜ್ಞರ ಅಭಿಪ್ರಾಯದಂತೆ ಈ ಕಪ್ಪಿಲಿಯ ಮೂಲಸ್ಥಾನ ನಮ್ಮ ಭಾರತವೇ. ಹಡಗುಗಳನ್ನೇರಿ ರೋಮನರ ಕಾಲಕ್ಕಾಗಲೇ ಯೂರೋಪನ್ನು ಸೇರಿದ್ದಿತು. ಮನುಷ್ಯ ಧಾನ್ಯ ಕೂಡಿಟ್ಟಲ್ಲಿ ತಾನೂ ಬಿಡಾರ ಹೂಡಿ ಸಾವಿರಾರು ವರ್ಷಗಳಿಂದ ಬಾಡಿಗೆ ಕೊಡದೆ ವಾಸವಾಗಿರುವ ಪ್ರಾಣಿ ಅದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದನ್ನು ಕಾಗೆಯ ಜೊತೆಗೆ ಉಪದ್ರವಿಗಳ ಪಟ್ಟಿಯಲ್ಲಿಟ್ಟಿದ್ದಿತು; ೨೦೨೨ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಕಾಯಿದೆ ಏನೇ ಹೇಳಲಿ, ನನ್ನ ಕರುಣೆಯ ಖರ್ಚನ್ನು ಮಾವನವರ ಗದ್ದೆಯ ಮೇಲಾಗಲಿ ನೆರೆಮನೆಯ ರಾಗಿಚೀಲದ ಮೇಲಾಗಲಿ ಹಾಕುವ ಅಧಿಕಾರ ನನಗಿರಲಿಲ್ಲ. ಪರರ ಕಣಜದಿಂದ ಮಾಡುವ ದಾನ ದಾನವಲ್ಲ.

ಆದುದರಿಂದ ಇಲಿಗಳು ನಮ್ಮಲ್ಲೇ ಉಳಿದುವು. ಎರಡೂ ಹೆಣ್ಣೆಂದು ವೈದ್ಯರು ಖಚಿತಪಡಿಸಿದ್ದು ನಮ್ಮ ಭಾಗ್ಯ. ಇಲಿ ಮೂರು ವಾರಕ್ಕೆ ಹೆರುತ್ತದೆ, ಮೂರು ತಿಂಗಳಿಗೆ ಪ್ರಾಯಕ್ಕೆ ಬರುತ್ತದೆ. ಗಂಡೊಂದಿದ್ದಿದ್ದರೆ ಈ ಅಂಕಣ ಬರೆಯಲು ನನಗೆ ಮನೆಯಲ್ಲಿ ಜಾಗವಿರುತ್ತಿರಲಿಲ್ಲ. ಹಿತ್ತಿಲ ಕೋಣೆಯಲ್ಲಿ ಒತ್ತಾದ ತಂತಿಬಲೆಯ ದೊಡ್ಡ ಗೂಡನ್ನು ಮಾಡಿಸಿದೆ. ಅವುಗಳ ಬಾಚಿಹಲ್ಲು ಜೀವಮಾನವೆಲ್ಲ ಬೆಳೆಯುವುದರಿಂದ ಕಡಿಯಲು ಸೀಬೆಯ ಕೊಂಬೆಗಳನ್ನು ಹಾಕುತ್ತೇವೆ.

ಅವು ನನ್ನನ್ನು ಪ್ರೀತಿಸುತ್ತವೆಂದು ಹೇಳಲಾರೆ. ಪೇಟೆಯಲ್ಲಿ ಮಾರುವ ಬಿಳಿಯ ಇಲಿಗಳು ತಲೆತಲಾಂತರದಿಂದ ಮನುಷ್ಯನ ಕೈಗೆ ಒಗ್ಗಿದಂಥವು, ಇವು ಹಾಗಲ್ಲ. ಕುಂಚದಿಂದ ಹಾಲು ಕುಡಿದ ಅದೇ ಮರಿಗಳು ಈಗ ನನ್ನ ಹೆಜ್ಜೆಯ ಸದ್ದಿಗೆ ಮೂಲೆ ಸೇರಿ ಮೀಸೆ ಅಲ್ಲಾಡಿಸುತ್ತವೆ. ಮಗಳಿಗೆ ಇದರಿಂದ ಬೇಸರ. ನನಗಿಲ್ಲ. ಪ್ರತಿಫಲ ಬಂದಿದ್ದರೆ ಅದು ಋಣ ತೀರಿಸಿದಂತೆ ಆಗುತ್ತಿರಲಿಲ್ಲ.

ವಾಚಕರಲ್ಲಿ ಯಾರಾದರೂ ಇದನ್ನು ಓದಿ ಇಲಿಮರಿಗಳನ್ನು ಸಾಕಲು ಹೊರಟರೆ ನನ್ನ ಉದ್ದೇಶ ಕೆಟ್ಟಂತೆ. ಗೂಡು ಕಣ್ಣಿಗೆ ಬಿದ್ದರೆ ಮೊದಲು ಕೈ ಹಿಂತೆಗೆಯಿರಿ. ತಾಯಿಯಿದ್ದರೆ ಅದೇ ಬಂದು ಮರಿಗಳನ್ನು ಬೇರೆಡೆಗೆ ಹೊತ್ತೊಯ್ಯುವುದು ಸಾಮಾನ್ಯ. ಆರರಲ್ಲಿ ಎರಡನ್ನು ಉಳಿಸಿಕೊಳ್ಳಲು ಮೂವರು ದೊಡ್ಡವರು ಒಂದು ತಿಂಗಳು ನಿದ್ದೆಗೆಟ್ಟೆವು. ಒಂದು ತಾಯಿಲಿ ಯಾರ ಸಹಾಯವೂ ಇಲ್ಲದೆ, ಕತ್ತಲೆಯಲ್ಲಿ, ಬೆಕ್ಕಿಗೂ ನಮಗೂ ಹೆದರಿಕೊಂಡು, ಆ ಕೆಲಸವನ್ನು ವರ್ಷಕ್ಕೆ ಹಲವು ಸಲ ಮಾಡುತ್ತದೆ. ನಾನು ಕಲಿತ ಪಾಠ ಇಷ್ಟೇ: ಕೊಲ್ಲುವುದು ಒಂದು ಕ್ಷಣದ ಕೆಲಸ, ಅದು ಮುರಿದದ್ದನ್ನು ಕಟ್ಟುವುದು ಎಷ್ಟು ಜನರಿಗೂ ಪೂರೈಸದ ಕೆಲಸ.

ಬೋನನ್ನು ನಾನು ಎಸೆದಿಲ್ಲ. ಧಾನ್ಯ ಕಾಯುವುದೂ ಗೃಹಸ್ಥನ ಧರ್ಮವೇ. ಆದರೆ ಹೋದ ತಿಂಗಳು, ಮಳೆ ಹಿಡಿಯುವ ಮುನ್ನವೇ ಗಾರೆಯವನನ್ನು ಕರೆಸಿ, ಅರ್ಧ ಅಂಗುಲಕ್ಕಿಂತ ಅಗಲವಾದ ಕಿಂಡಿಗಳನ್ನೆಲ್ಲ ಮುಚ್ಚಿಸಿದೆ. ಹೆಂಚಿನ ಅಂಚಿಗೆ ತಂತಿಬಲೆ ಹೊಡೆಸಿದೆ. ರಾಗಿ ಅಕ್ಕಿಗಳನ್ನು ತಗಡಿನ ಡ್ರಮ್ಮುಗಳಿಗೆ ತುಂಬಿಸಿದೆ. ಒಳಗೆ ಬಂದು ಸಾಯುವುದಕ್ಕಿಂತ ಬಾರದಿರುವುದು ಅದಕ್ಕೂ ಹಿತ, ನಮಗೂ ಹಿತ. ಈ ವರ್ಷ ಇದುವರೆಗೆ ಬೋನು ಒಡ್ಡುವ ಪ್ರಮೇಯ ಬಂದಿಲ್ಲ.

ಅಟ್ಟದ ಪೆಟ್ಟಿಗೆಯಲ್ಲಿ ಅಳಿದುಳಿದ ಛಂದಸ್ಸಿನ ಟಿಪ್ಪಣಿಗಳನ್ನು ಜೋಡಿಸಿಡಬೇಕೆಂದು ಹೋದವನು ಗೂಡನ್ನು ಹಾಗೆಯೇ ಬಿಟ್ಟು ಇಳಿದೆ. ಅಷ್ಟು ಅಚ್ಚುಕಟ್ಟಾಗಿ ಅವನ್ನು ನಾನೆಂದೂ ಜೋಡಿಸಿರಲಿಲ್ಲ.